ಮತ್ತೆ ಹಸಿವಾಗ್ತಿದೆ: ತೂಕದ ಆಪರೇಷನ್ ಆದವರ ಮುಂದಿರುವ ದಾರಿಗಳು

ಸಂಜೆ ನಾಲ್ಕೂವರೆ. ರಾಯಚೂರಿನ ನಮ್ಮ ಆಫೀಸಿನಲ್ಲಿ ಅದು ಮಿರ್ಚಿ ಬರುವ ಹೊತ್ತು. ಹಳೇ ಪೇಪರಿನ ಪೊಟ್ಟಣ. ತಳದಲ್ಲಿ ಎಣ್ಣೆ ಇಂಗಿ, ಆಚೆ ಬದಿಯ ಅಕ್ಷರ ಈಚೆ ಕಾಣುತ್ತಿರುತ್ತದೆ. ತೂಕ ಇಳಿಸುವ ಸ್ಲೀವ್ ಆಪರೇಷನ್ ಆದ ಮೊದಲ ವರ್ಷ ಆ ಪೊಟ್ಟಣ ನನ್ನ ಮೇಜಿನ ಮೇಲೇ ಬಿಚ್ಚಿಕೊಂಡಿದ್ದರೂ ನನಗೇನೂ ಅನ್ನಿಸುತ್ತಿರಲಿಲ್ಲ. ವಾಸನೆ ಬರುತ್ತಿತ್ತು, ಅಷ್ಟೇ. ಹದಿನಾಲ್ಕನೇ ತಿಂಗಳು ಒಂದು ದಿನ, ಪೊಟ್ಟಣ ಇನ್ನೂ ಮೆಟ್ಟಿಲ ಹತ್ತಿರ ಇರುವಾಗಲೇ ಬಾಯಲ್ಲಿ ನೀರು ಬಂತು. ಎದೆ ಧಸಕ್ ಎಂದಿತು. ಹಸಿವಾಯ್ತು ಅಂತ ಹೆದರುವವರು ನಮ್ಮಂಥವರು ಮಾತ್ರ ಇರಬೇಕು.

ಆಮೇಲೆ ಒಂದು ವರ್ಷ ನಾನು ಮಾಡಿದ ತಪ್ಪೆಂದರೆ, ಎಲ್ಲ ಹಸಿವಿಗೂ ಒಂದೇ ಮದ್ದು ಹುಡುಕಿದ್ದು. ಯಾವ ಹಸಿವು ಅಂತ ಗೊತ್ತಾಗುವ ಮೊದಲು ಯಾವ ದಾರಿಯನ್ನೂ ಹಿಡಿಯಬೇಡಿ ಅನ್ನುವುದೇ ನನ್ನ ಮಾತು. ಉಳಿದದ್ದೆಲ್ಲ ಅದರ ವಿವರ.

ಹಸಿವು ಮರಳುವುದು ನಿಮ್ಮ ತಪ್ಪಲ್ಲ. ಸ್ಲೀವ್‌ನಲ್ಲಿ ಹೊಟ್ಟೆಯ ಶೇಕಡಾ 75ರಿಂದ 80ರಷ್ಟು ಭಾಗ ಕತ್ತರಿಸಿ ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಜಾಸ್ತಿ ತಯಾರಾಗುವುದು ಅದೇ ಭಾಗದಲ್ಲಿ. ಜಪಾನಿನ ವಿಜ್ಞಾನಿಗಳು ಅದನ್ನು ಕಂಡುಹಿಡಿದದ್ದು 1999ರಲ್ಲಿ, ಅಂದರೆ ತೀರಾ ಹಳೇ ವಿಷಯವೇನಲ್ಲ. ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಇನ್ನೊಂದು ಆಪರೇಷನ್ನಿನಲ್ಲಿ ಎರಡು ದೊಡ್ಡ ಚಮಚ ಹಿಡಿಸುವಷ್ಟು, ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಉಳಿಸಿ, ಕರುಳಿನ ದಾರಿಯನ್ನೇ ತಿರುಗಿಸುತ್ತಾರೆ. ಆಗ ಹೊಟ್ಟೆ ತುಂಬಿತು ಅಂತ ಮಿದುಳಿಗೆ ಹೇಳುವ ಹಾರ್ಮೋನುಗಳು ಹೆಚ್ಚುತ್ತವೆ. ಎರಡರಲ್ಲೂ ಮೊದಲ ಆರರಿಂದ ಹನ್ನೆರಡು ತಿಂಗಳು ಹಸಿವು ಮಂಕಾಗಿರುತ್ತದೆ. ಆಮೇಲೆ ದೇಹ ತನ್ನ ಹಳೇ ತೂಕವನ್ನು ಹುಡುಕಲು ಶುರು ಮಾಡುತ್ತದೆ. ತೂಕ ತೀರಾ ತಳ ಮುಟ್ಟುವುದು ಒಂದರಿಂದ ಎರಡು ವರ್ಷದೊಳಗೆ. ಅಲ್ಲಿಂದ ಮೂರು ನಾಲ್ಕು ಕಿಲೋ ಮೇಲೇರಿದರೆ ಅದು ಸೋಲಲ್ಲ.

ಮೊದಲು, ಇದು ಯಾವ ಹಸಿವು?

ನನ್ನ ಪರೀಕ್ಷೆ ಸುಲಭದ್ದು. ಉಪ್ಪು ಹಾಕಿ ಬೇಯಿಸಿದ ಮಡಿಕೆ ಕಾಳು ಒಂದು ಬಟ್ಟಲು ಎದುರಿಗೆ ಇದೆ ಅಂದುಕೊಳ್ಳುತ್ತೇನೆ. ಒಗ್ಗರಣೆ ಇಲ್ಲ, ಕೊಬ್ಬರಿ ಇಲ್ಲ. ಅದನ್ನು ತಿನ್ನಬೇಕು ಅನ್ನಿಸಿದರೆ ನಿಜವಾದ ಹಸಿವು. ಕಾಳು ಬೇಡ, ಮಿರ್ಚಿಯೇ ಬೇಕು ಅನ್ನಿಸಿದರೆ ಅದು ಚಪಲ. ಎರಡಕ್ಕೂ ಮದ್ದು ಬೇರೆ.

ಆದರೆ ಈ ಎರಡೇ ಅಲ್ಲ. ಹಸಿವಿನ ವೇಷ ಹಾಕಿಕೊಂಡು ಬರುವ ನಾಲ್ಕು ಮಂದಿ ಬೇರೆ ಇದ್ದಾರೆ.

ಒಬ್ಬ ಬಾಯಾರಿಕೆ. ಏಪ್ರಿಲ್, ಮೇ ತಿಂಗಳ ರಾಯಚೂರು, ಬಳ್ಳಾರಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ನಮಗೆ ಗಟಗಟ ಕುಡಿಯಲು ಆಗುವುದಿಲ್ಲ, ಗುಟುಕು ಗುಟುಕೇ ಆಗಬೇಕು. ಹಾಗಾಗಿ ದಿನಕ್ಕೆ ಒಂದೂವರೆ ಎರಡು ಲೀಟರ್ ಸೇರುವುದೇ ಕಷ್ಟ. ಸಂಜೆ ಹೊತ್ತಿಗೆ ಹೊಟ್ಟೆಯಲ್ಲಿ ಏನೋ ಎಳೆದಂತಾದರೆ ಮೊದಲು ನೀರು ಅಥವಾ ನೀರು ಮಜ್ಜಿಗೆ ಕುಡಿದು ಹದಿನೈದು ನಿಮಿಷ ನೋಡಿ. ಕಬ್ಬಿನ ಹಾಲು, ಶರಬತ್ತು ಇದಕ್ಕೆ ಉತ್ತರ ಅಲ್ಲ.

ಇನ್ನೊಬ್ಬ ಆಸಿಡ್. ಸ್ಲೀವ್ ಆದವರಲ್ಲಿ ಎದೆಯುರಿ ಜಾಸ್ತಿ. ಎದೆಗೂಡಿನ ಕೆಳಗೆ ಉರಿದಂತೆ, ಕಿವುಚಿದಂತೆ ಆದರೆ ಅದು ಹಸಿವಿನಂತೆಯೇ ಅನ್ನಿಸುತ್ತದೆ. ಏನಾದರೂ ತಿಂದರೆ ಎರಡು ನಿಮಿಷ ತಣ್ಣಗಾಗುತ್ತದೆ, ಮತ್ತೆ ಶುರು. ಬೈಪಾಸ್ ಆದವರಲ್ಲಿ ಇಂಥ ನೋವು ಹುಣ್ಣಿನದ್ದೂ ಇರಬಹುದು. ಮೊಣಕಾಲು ನೋವಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಸಿಗುವ ನೋವಿನ ಮಾತ್ರೆಗಳನ್ನು, ಅಂದರೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ್ದನ್ನು, ಬೈಪಾಸ್ ಆದವರು ಕೇಳದೆ ನುಂಗಲೇಬಾರದು. ತಂಬಾಕೂ ಅಷ್ಟೇ ಕೆಟ್ಟದ್ದು.

ಮೂರನೆಯವನು ಸಕ್ಕರೆ ಕುಸಿತ. ಇದು ಬೈಪಾಸ್‌ನಲ್ಲಿ ಹೆಚ್ಚು, ಸ್ಲೀವ್‌ನಲ್ಲೂ ಉಂಟು. ಸಿಹಿ ಅಥವಾ ಬರೀ ಅನ್ನ ತಿಂದ ಒಂದರಿಂದ ಮೂರು ಗಂಟೆಯೊಳಗೆ ಕೈ ನಡುಗುತ್ತದೆ, ಬೆವರುತ್ತದೆ, ಭಯಂಕರ ಹಸಿವಾಗುತ್ತದೆ. ಮತ್ತೆ ಸಿಹಿ ತಿನ್ನುತ್ತೀರಿ, ಮತ್ತೆ ಕುಸಿಯುತ್ತದೆ. ಮನೆಯಲ್ಲಿ ಅಪ್ಪನದ್ದೋ ಅತ್ತೆಯದ್ದೋ ಗ್ಲುಕೋಮೀಟರ್ ಇದ್ದೇ ಇರುತ್ತದೆ ಅಲ್ವಾ? ನಡುಕ ಬಂದಾಗ ಒಂದು ಹನಿ ರಕ್ತ ನೋಡಿ. 70ಕ್ಕಿಂತ ಕೆಳಗಿದ್ದರೆ ಆ ಕ್ಷಣಕ್ಕೆ ಸ್ವಲ್ಪ ಗ್ಲೂಕೋಸ್, ಆಮೇಲೆ ಮೊಟ್ಟೆಯೋ ಪನೀರೋ. ಆ ಅಂಕಿಯನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ.

ನಾಲ್ಕನೆಯದು ನನ್ನದೇ ಕಥೆ. ಅಮ್ಮ ಮೊರದಲ್ಲಿ ಅಕ್ಕಿ ಕೇರುತ್ತಾ ಕೂತಿದ್ದಳು, ಸಿಂಧನೂರಿನಿಂದ ತರಿಸಿದ ಸೋನಾ ಮಸೂರಿ. ಪಕ್ಕ ಕೂತು ಮಾತಾಡುತ್ತಾ ನಾನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ. ಕಟುಮ್ ಅಂತ ಸದ್ದು, ಆಮೇಲೆ ಹಾಲಿನಂಥ ಸಣ್ಣ ರುಚಿ. ಮತ್ತೆ ಒಂದು ಹಿಡಿ. ಒಂದು ತಿಂಗಳಲ್ಲಿ ಅದು ಎಲ್ಲಿಗೆ ಹೋಯಿತೆಂದರೆ, ಬ್ಯಾಗಿನಲ್ಲಿ ಚಿಕ್ಕ ಡಬ್ಬಿ ಇಟ್ಟುಕೊಂಡು ಆಫೀಸಿಗೆ ಹೋಗುತ್ತಿದ್ದೆ. "ಅಕ್ಕಿ ತಿಂದ್ರೆ ಮದ್ವೆ ದಿನ ಮಳಿ ಬರ್ತದ" ಅಂತ ಅಮ್ಮ ನಕ್ಕಳು. ನನ್ನ ಮದುವೆಯಾಗಿ ಹದಿನೆಂಟು ವರ್ಷ ಆಗಿದೆ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಬರೀ 8.9. ಹಸಿ ಅಕ್ಕಿ, ಐಸ್, ಮಣ್ಣು, ಬಳಪ ಇವುಗಳ ಮೇಲೆ ಆಸೆ ಹುಟ್ಟಿದರೆ ಅದು ಬಹಳ ಸಲ ಕಬ್ಬಿಣದ ಕೊರತೆ. ಆಪರೇಷನ್ ಆದ ಹೆಂಗಸರಲ್ಲಿ ಇದು ತುಂಬಾ ಸಾಮಾನ್ಯ. ಕಬ್ಬಿಣದ ಮಾತ್ರೆ ಶುರುವಾದ ಕೆಲವು ವಾರಕ್ಕೆ ಡಬ್ಬಿ ತಾನಾಗಿ ಮನೆಯಲ್ಲೇ ಉಳಿಯಿತು. ಮನೋಬಲದ ಮಾತೇ ಇರಲಿಲ್ಲ. ಒಂದು ಸಣ್ಣ ವಿಷಯ: ಆ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ, ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ.

ಅದಕ್ಕೇ ನಾನು ಎಲ್ಲರಿಗೂ ಮೊದಲು ಹೇಳುವುದು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು), ಬಿ12, ವಿಟಮಿನ್ ಡಿ, ಥೈರಾಯ್ಡ್, ಸಕ್ಕರೆ. ಇದಕ್ಕೆ ಹೈದರಾಬಾದಿಗೋ ಬೆಂಗಳೂರಿಗೋ ರೈಲು ಹತ್ತಬೇಕಿಲ್ಲ.

ಮೂರು ಊಟವೋ, ಆರು ತುತ್ತೋ?

ಆಪರೇಷನ್ ಆದ ಹೊಸದರಲ್ಲಿ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ ಅನ್ನುತ್ತಾರೆ. ಆಗ ಅದು ಸರಿ, ಹೊಟ್ಟೆಗೆ ಹಿಡಿಸುವುದೇ ಅಷ್ಟು. ಸಮಸ್ಯೆ ಏನೆಂದರೆ ಆ ಅಭ್ಯಾಸ ಎರಡನೇ ವರ್ಷಕ್ಕೂ ಮುಂದುವರಿಯುತ್ತದೆ. ಸ್ವಲ್ಪ ಸ್ವಲ್ಪ ಅನ್ನುವುದು ದಿನವಿಡೀ ಮೇಯುವುದಾಗುತ್ತದೆ. ಹಾಗೆ ಮೇಯುವವರಲ್ಲೇ ತೂಕ ಮರಳುವುದು ಜಾಸ್ತಿ.

ಮೂರು ಊಟದಲ್ಲಿ ಅನುಕೂಲ ಏನು? ತಟ್ಟೆ ಮುಂದೆ ಕೂರುತ್ತೀರಿ, ಹೊಟ್ಟೆ ತುಂಬಿದ್ದು ಗೊತ್ತಾಗುತ್ತದೆ. ಕಷ್ಟ ಏನು? ಮಧ್ಯಾಹ್ನ ಒಂದಕ್ಕೆ ಉಂಡವರಿಗೆ ರಾತ್ರಿ ಎಂಟರವರೆಗೆ ತಡೆಯುವುದಿಲ್ಲ. ನಾನು ಎರಡನ್ನೂ ನೋಡಿ ಕೊನೆಗೆ ಮೂರು ಊಟ, ನಾಲ್ಕೂವರೆಗೆ ಒಂದು ತಿಂಡಿ ಅಂತ ನಿಲ್ಲಿಸಿದೆ. ಮಿರ್ಚಿ ಪೊಟ್ಟಣ ಬರುವುದಕ್ಕೆ ಹತ್ತು ನಿಮಿಷ ಮೊದಲೇ ನನ್ನ ಪುಟಾಣಿಯ, ಅಂದರೆ ಹುರಿಗಡಲೆಯ, ಡಬ್ಬಿ ತೆರೆದಿರುತ್ತದೆ. ಶಿಫ್ಟ್ ಕೆಲಸದವರಿಗೆ, ಥರ್ಮಲ್ ಸ್ಟೇಷನ್ನಿನಲ್ಲೋ ಸ್ಟೀಲ್ ಫ್ಯಾಕ್ಟರಿಯಲ್ಲೋ ರಾತ್ರಿ ಪಾಳಿ ಮಾಡುವವರಿಗೆ, ಗಡಿಯಾರದ ಲೆಕ್ಕ ಹೊಂದುವುದಿಲ್ಲ. ಅವರು ಎದ್ದಾಗಿನಿಂದ ನಾಲ್ಕು ನಾಲ್ಕು ಗಂಟೆ ಎಣಿಸುವುದು ಮೇಲು. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಷ್ಟು ಸಲ ಅನ್ನುವುದಕ್ಕಿಂತ ಏನು ಅನ್ನುವುದು ದೊಡ್ಡದು. ನಮ್ಮ ಕಡೆಯ ಮಂಡಾಳು (ಮಂಡಕ್ಕಿ) ಒಗ್ಗರಣೆ ಇದೆಯಲ್ಲ, ಅದು ನಮ್ಮ ಹೊಟ್ಟೆಗೆ ಜಾರುಬಂಡಿ. ಬಾಯಲ್ಲೇ ಕರಗಿ ಜಾರಿಹೋಗುತ್ತದೆ. ಒಂದು ಮೊಟ್ಟೆ ತಿಂದು ಸಾಕಪ್ಪ ಅನ್ನುವ ನಾನು ಒಂದು ಪ್ಲೇಟ್ ಒಗ್ಗರಣೆ ಆರಾಮಾಗಿ ಮುಗಿಸುತ್ತೇನೆ, ಒಂದು ಗಂಟೆಗೆ ಮತ್ತೆ ಹಸಿವು. ಬಿಸ್ಕತ್ತು ಚಹಾ, ಚುರುಮುರಿ, ಐಸ್‌ಕ್ರೀಮ್ ಎಲ್ಲ ಇದೇ ಜಾತಿ. ಇನ್ನೊಂದು ಕಡೆ ಕಡಕ್ ಜೋಳದ ರೊಟ್ಟಿ. ಅರ್ಧ ರೊಟ್ಟಿಯನ್ನು ಚೆನ್ನಾಗಿ ಅಗಿದು, ಮೊದಲು ಕಾಳು ಪಲ್ಯ ತಿಂದು ಆಮೇಲೆ ಅದಕ್ಕೆ ಕೈ ಹಾಕಿದರೆ ಮೂರು ಗಂಟೆ ಯೋಚನೆ ಇಲ್ಲ. ಬಿಸಿ ಮೆತ್ತನೆ ರೊಟ್ಟಿ ಕೆಲವರಿಗೆ ಹಿಟ್ಟಿನ ಉಂಡೆಯಂತೆ ಸಿಕ್ಕಿಕೊಳ್ಳುತ್ತದೆ, ನನಗೂ ಸಿಕ್ಕಿಕೊಂಡಿದೆ. ಊಟದ ಜೊತೆ ನೀರು ಕುಡಿದರೆ ಇದ್ದದ್ದೂ ತೊಳೆದುಕೊಂಡು ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಐದು ದಿನ ಬರೀ ದ್ರವ ಕುಡಿದು ಹೊಟ್ಟೆಯನ್ನು ಮತ್ತೆ ಚಿಕ್ಕದು ಮಾಡುವ ಪಥ್ಯ ಒಂದು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಸುಮ್ನೆ. ಹಿಗ್ಗಿದ ಹೊಟ್ಟೆ ಜ್ಯೂಸ್ ಕುಡಿದರೆ ಕುಗ್ಗುವುದಿಲ್ಲ.

ಪೌಡರೋ, ಹೆಸರುಕಾಳೋ?

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಪ್ರೋಟೀನ್ ಕಡಿಮೆಯಾದರೆ ಹಸಿವು ಬೇಗ ಮರಳುತ್ತದೆ, ಕೂದಲೂ ಉದುರುತ್ತದೆ. ನನಗೆ ಆಸ್ಪತ್ರೆಯವರು ಕೊಟ್ಟ ಪಥ್ಯದ ಹಾಳೆಯಲ್ಲಿ ಬ್ರೊಕೊಲಿ, ಓಟ್ಸ್, ತೋಫು ಇತ್ತು. ಜೋಳ, ಪುಂಡಿ ಪಲ್ಯ, ಮಡಿಕೆ ಕಾಳಿನ ಹೆಸರೇ ಇರಲಿಲ್ಲ. ಸಂತೆಯಲ್ಲಿ ಬ್ರೊಕೊಲಿ ಕೇಳಿದರೆ ಹೂಕೋಸು ತೋರಿಸಿ "ಇದು ಹಸುರಾಗೂತನ ಕಾಯಿರಿ" ಅಂದಾರು.

ನನ್ನ ಒಂದು ದಿನ ಹೀಗಿದೆ. ಬೆಳಿಗ್ಗೆ ಎರಡು ಮೊಟ್ಟೆ, 12 ಗ್ರಾಂ. ಮಧ್ಯಾಹ್ನ 50 ಗ್ರಾಂ ಹೆಸರುಕಾಳಿನ ಪಲ್ಯ, ಸುಮಾರು 11 ಗ್ರಾಂ. ಕಾಳನ್ನು ಅಳೆಯುವುದು ಬೇಯಿಸುವ ಮೊದಲು. ಅರ್ಧ ರೊಟ್ಟಿ ಮತ್ತು ಒಂದು ಸಣ್ಣ ಬಟ್ಟಲು ಮೊಸರು ಸೇರಿ 6. ಸಂಜೆ ಒಂದು ಹಿಡಿ ಪುಟಾಣಿ, 6. ರಾತ್ರಿ 80 ಗ್ರಾಂ ಪನೀರ್ ಅಥವಾ ಅಷ್ಟೇ ತುಂಗಭದ್ರೆಯ ಮೀನು, 14ರ ಆಸುಪಾಸು. ಎಲ್ಲ ಕೂಡಿಸಿದರೆ 49. ಇಷ್ಟಕ್ಕೇ ನನ್ನ ಹೊಟ್ಟೆ ತುಂಬಿರುತ್ತದೆ. ಕೊರತೆ ಬಿದ್ದ 11 ಗ್ರಾಂಗೆ ಅರ್ಧ ಸ್ಕೂಪ್ ವೇ (ಹಾಲಿನ ಪ್ರೋಟೀನ್) ಪೌಡರ್ ಹಾಕಿಕೊಳ್ಳುತ್ತೇನೆ. ಹಾಗಾಗಿ ನನ್ನ ಉತ್ತರ ಎರಡೂ. ಆದರೆ ಹಸಿವು ತಡೆಯುವ ಕೆಲಸ ಮಾಡುವುದು ಕಾಳೇ. ಪೌಡರ್ ದ್ರವ, ಬೇಗ ಇಳಿದುಹೋಗುತ್ತದೆ. ಮೂರು ಹೊತ್ತೂ ಶೇಕ್ ಕುಡಿದು "ಪ್ರೋಟೀನ್ ಸರಿಯಾಗಿದೆ, ಆದ್ರೂ ಹಸಿವು" ಅನ್ನುವವರು ಇದನ್ನು ಗಮನಿಸಿ. ಕಿಡ್ನಿ ತೊಂದರೆ ಇರುವವರಿಗೆ ಲೆಕ್ಕವೇ ಬೇರೆ, ಅದನ್ನು ವೈದ್ಯರೇ ಹೇಳಬೇಕು.

ಶೇಂಗಾ ಬಗ್ಗೆ ಒಂದು ಮಾತು. 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್ ಇದೆ, ನಿಜ. ಜೊತೆಗೆ 550ಕ್ಕೂ ಮೀರಿದ ಕ್ಯಾಲೊರಿ ಇದೆ. ಶೇಂಗಾ ಹಿಂಡಿಯನ್ನು ನಂಚಿಕೊಳ್ಳಲು ಒಂದು ಚಮಚ ಇಟ್ಟುಕೊಳ್ಳಿ, ಪ್ರೋಟೀನ್ ನೆಪದಲ್ಲಿ ಮೆಲ್ಲುತ್ತಾ ಕೂರಬೇಡಿ. ನಾನು ಕೂತಿದ್ದೇನೆ, ಎರಡು ಕಿಲೋ ಬಂತು.

ಇಂಜೆಕ್ಷನ್ನೋ, ಇನ್ನೊಂದು ಆಪರೇಷನ್ನೋ?

ಊಟ ಸರಿಮಾಡಿ, ರಕ್ತ ಸರಿಮಾಡಿ, ಎರಡು ಮೂರು ತಿಂಗಳು ಕಾದರೂ ನಿಜವಾದ ಹಸಿವು ಹಾಗೇ ಇದ್ದರೆ ಮಾತ್ರ ಈ ಪ್ರಶ್ನೆ.

ಮೌಂಜಾರೊ ಎಂಬ ಇಂಜೆಕ್ಷನ್ ಭಾರತಕ್ಕೆ ಬಂದದ್ದು 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ. ಮೊದಲನೆಯದರಲ್ಲಿರುವುದು ಟಿರ್ಜೆಪಟೈಡ್, ಎರಡನೆಯದರಲ್ಲಿ ಸೆಮಾಗ್ಲುಟೈಡ್. ಎರಡೂ ವಾರಕ್ಕೊಂದು ಚುಚ್ಚುಮದ್ದು. ಹೊಟ್ಟೆ ತುಂಬಿತು ಅನ್ನುವ ಹಾರ್ಮೋನಿನಂತೆ ಕೆಲಸ ಮಾಡುತ್ತವೆ. ಆಪರೇಷನ್ ಆಗಿ ತೂಕ ಮರಳಿದವರಿಗೂ ವೈದ್ಯರು ಇವನ್ನು ಕೊಡುತ್ತಾರೆ. ಹಸಿವು ಕಡಿಮೆಯಾಗುತ್ತದೆ, ತಲೆಯೊಳಗೆ ದಿನವಿಡೀ ನಡೆಯುವ ಊಟದ ಗಲಾಟೆಯೂ ಇಳಿಯುತ್ತದೆ ಅಂತ ತೆಗೆದುಕೊಂಡವರು ಹೇಳುತ್ತಾರೆ. ಹೊರೆ ಏನೆಂದರೆ ತಿಂಗಳಿಗೆ ಸಾವಿರಗಟ್ಟಲೆ ಖರ್ಚು, ವಾಕರಿಕೆ, ಮಲಬದ್ಧತೆ, ಬಿಟ್ಟರೆ ಹಸಿವು ಮತ್ತೆ ಹಾಜರ್. ನಮ್ಮ ಬಿಸಿಲಿಗೆ ವಾಂತಿ ಸೇರಿದರೆ ದೇಹದ ನೀರು ಬೇಗ ಬತ್ತುತ್ತದೆ. ಮೊದಲೇ ಕಡಿಮೆ ತಿನ್ನುವವರು ಇನ್ನೂ ಕಡಿಮೆ ತಿಂದರೆ ಕರಗುವುದು ಬೊಜ್ಜು ಮಾತ್ರ ಅಲ್ಲ, ಸ್ನಾಯುವೂ ಹೌದು. ಪ್ಯಾಂಕ್ರಿಯಾಸ್ ಊತ ಬಂದು ಹೋದವರು, ಮನೆತನದಲ್ಲಿ ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರು, ಬಸುರಿಯಾಗಬೇಕೆಂದಿರುವವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಚೀಟಿ ಇಲ್ಲದೆ ಯಾರೋ ತರಿಸಿಕೊಡುತ್ತಾರೆ ಅಂದರೆ ಬೇಡ.

ಎರಡನೇ ಆಪರೇಷನ್ ಬೇರೆಯೇ ಲೆಕ್ಕ. ಹಸಿವಾಯ್ತು ಅಂತ ಮಾಡಿಸುವುದಲ್ಲ ಅದು. ಸ್ಲೀವ್ ಆದವರಿಗೆ ಮದ್ದಿಗೂ ಬಗ್ಗದ ಎದೆಯುರಿ ಇದ್ದು ತೂಕವೂ ಏರಿದ್ದರೆ ಬೈಪಾಸ್‌ಗೆ ಬದಲಾಯಿಸುವುದರಲ್ಲಿ ಅರ್ಥ ಇದೆ, ಎರಡೂ ಒಟ್ಟಿಗೆ ಸರಿಹೋಗಬಹುದು. ಎಂಡೋಸ್ಕೋಪಿಯಲ್ಲೋ ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇಯಲ್ಲೋ ಹೊಟ್ಟೆ ನಿಜವಾಗಿ ಹಿಗ್ಗಿದ್ದು ಕಂಡರೆ ಯೋಚಿಸಬಹುದು. ಆದರೆ ಒಮ್ಮೆ ಹೊಲಿದ ಜಾಗದಲ್ಲಿ ಮತ್ತೆ ಕೈ ಹಾಕುವುದರಿಂದ ತೊಂದರೆಗಳ ಸಾಧ್ಯತೆ ಮೊದಲ ಸಲಕ್ಕಿಂತ ಜಾಸ್ತಿ. ಪರೀಕ್ಷೆಗಳಲ್ಲಿ ಏನೂ ಕಾಣದಿದ್ದಾಗ ಇಂಜೆಕ್ಷನ್ ಮೇಲು ಅನ್ನುವುದು ನನ್ನ ಅಭಿಪ್ರಾಯ. ಬೇಡವಾದರೆ ನಿಲ್ಲಿಸಬಹುದು. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ.

ಯಾರ ಹತ್ತಿರ ಹೋಗುವುದು?

ನಮ್ಮಲ್ಲಿ ಬಹಳ ಜನ ಆಪರೇಷನ್ ಮಾಡಿಸಿಕೊಳ್ಳುವುದು ಹೈದರಾಬಾದ್ ಅಥವಾ ಬೆಂಗಳೂರಿನಲ್ಲಿ. ಒಂದು ವರ್ಷ ಆದಮೇಲೆ ಅಲ್ಲಿಗೆ ಹೋಗುವುದು ನಿಲ್ಲುತ್ತದೆ. ನನಗೂ ನಾಚಿಕೆ, ತೂಕ ಏರಿದ ಮುಖ ಹೊತ್ತು ಹೇಗೆ ಹೋಗುವುದು ಅಂತ. ದಿನನಿತ್ಯದ ರಕ್ತಹೀನತೆ, ಬಿ12, ಎದೆಯುರಿಗೆ ರಾಯಚೂರಿನ ರಿಮ್ಸ್ ಥರದ ನಿಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲೋ ಮನೆ ಹತ್ತಿರದ ಫಿಜಿಶಿಯನ್ ಹತ್ತಿರವೋ ತೋರಿಸಿದರೆ ಸಾಕು. ಆದರೆ ಡಿಸ್ಚಾರ್ಜ್ ಹಾಳೆ ತೆಗೆದುಕೊಂಡು ಹೋಗಿ, ಯಾವ ಆಪರೇಷನ್ ಅಂತ ಗೊತ್ತಾಗದೆ ಅವರು ಮಾತ್ರೆ ಬರೆಯಬಾರದು. ಇಂಜೆಕ್ಷನ್ ಮಾತಿಗೆ ಹಾರ್ಮೋನು ತಜ್ಞರೂ ಆಗಬಹುದು, ಎರಡನೇ ಆಪರೇಷನ್ ಮಾತಿಗೆ ಮಾತ್ರ ಬೇರಿಯಾಟ್ರಿಕ್, ಅಂದರೆ ತೂಕದ ಆಪರೇಷನ್ ಮಾಡುವ, ಸರ್ಜನ್ನರೇ ಬೇಕು. ದಿನಗಟ್ಟಲೆ ವಾಂತಿಯಾಗುತ್ತಿದ್ದರೆ, ಕಾಲು ಜೋಮು ಹಿಡಿದರೆ, ಕಣ್ಣು ಮಂಜಾದರೆ, ಕಪ್ಪು ಮಲ ಬಂದರೆ ಕಾಯಬೇಡಿ, ಅವತ್ತೇ ಹೋಗಿ. ಕಬ್ಬಿಣದ ಮಾತ್ರೆ ತಿನ್ನುವವರಿಗೆ ಮಲ ಕಪ್ಪಗೇ ಇರುತ್ತದೆ, ಆದರೂ ಡಾಂಬರಿನಂತೆ ಅಂಟಂಟಾಗಿದ್ದರೆ ತೋರಿಸಿ.

ಮನಸ್ಸಿನ ಹಸಿವಿಗೆ ಆಪ್ತಸಮಾಲೋಚಕರು. ಬಾಗಿಲು ಹಾಕಿಕೊಂಡು ತಿಂದು ಆಮೇಲೆ ಅಳುವುದು, ಬಿಡಲಾಗದಂತೆ ಕುಡಿತಕ್ಕೆ ಬೀಳುವುದು, ಇವು ಪಥ್ಯದ ಹಾಳೆಯಿಂದ ಸರಿಹೋಗುವಂಥವಲ್ಲ. ಬೈಪಾಸ್ ಆದವರಿಗೆ ಮದ್ಯ ಬೇಗ ಏರುತ್ತದೆ, ಚಟವೂ ಬೇಗ ಹತ್ತುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಪೂರ್ತಿ ಬಿಡುವುದೋ, ಒಂದೇ ಒಂದು ತಿನ್ನುವುದೋ?

ಇದನ್ನು ಕೊನೆಗೆ ಇಟ್ಟುಕೊಂಡೆ. ಚಪಲಕ್ಕೆ ರಕ್ತ ಪರೀಕ್ಷೆ ಇಲ್ಲ. ನಮ್ಮ ಸೋದರತ್ತೆಗೆ ಬೈಪಾಸ್ ಆಗಿದೆ. ಅವರು ಸಿಹಿ ಪೂರ್ತಿ ಬಿಟ್ಟಿದ್ದಾರೆ, ಎರಡು ತುತ್ತು ಹೋಳಿಗೆಗೆ ಎದೆ ಬಡಿತ, ಹೊಟ್ಟೆ ಹಿಂಡಿ ಭೇದಿ. ಅದಕ್ಕೆ ಡಂಪಿಂಗ್ ಅನ್ನುತ್ತಾರೆ. ಹೆದರಿಕೆಯೇ ಅವರಿಗೆ ಕಾವಲು. ಸ್ಲೀವ್ ಆದ ನನಗೆ ಆ ಕಾವಲು ಅಷ್ಟಿಲ್ಲ. ಹೋಳಿಗೆ ಸಲೀಸಾಗಿ ಇಳಿಯುತ್ತದೆ.

ಪೂರ್ತಿ ಬಿಟ್ಟು ನೋಡಿದೆ. ಮೂರು ವಾರ ಆರಾಮ, ನಾಲ್ಕನೇ ವಾರ ಒಂದೇ ಸಂಜೆಗೆ ನಾಲ್ಕು ಮಿರ್ಚಿ ತಿಂದು ರಾತ್ರಿಯೆಲ್ಲ ಎದೆಯುರಿ. ಈಗ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ. ಮಿರ್ಚಿ ಮನೆಗೆ ತರುವುದಿಲ್ಲ, ಖಾಲಿ ಹೊಟ್ಟೆಯಲ್ಲಿ ತಿನ್ನುವುದಿಲ್ಲ, ಊಟ ಆದಮೇಲೆ ಒಂದು. ಸಿಹಿಯ ವಿಷಯದಲ್ಲಿ ಈ ಒಪ್ಪಂದ ನಡೆಯಲಿಲ್ಲ. ಒಂದು ಪೇಡಾ ನನಗೆ ಎಂದೂ ಒಂದೇ ಆಗಿಲ್ಲ, ಅದಕ್ಕೆ ಅದನ್ನು ಬಿಟ್ಟೇ ಬಿಟ್ಟೆ. ನಿಮಗೆ ಯಾವುದು ಒಂದಕ್ಕೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಅಂತ ನಿಮಗೇ ಗೊತ್ತಿರುತ್ತದೆ.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗುವುದೋ ಬೇಡವೋ ಅಂತ ಎರಡು ದಿನ ಯೋಚಿಸಿದ್ದೆ. ಅಲ್ಲಿನ ದಾಸೋಹದ ಮಿರ್ಚಿ ಗೊತ್ತಲ್ಲ, ಲಕ್ಷಗಟ್ಟಲೆ ಕರಿಯುತ್ತಾರೆ. ಕಡಾಯಿಗಳ ಸದ್ದು ದೂರಕ್ಕೇ ಕೇಳುತ್ತದೆ. ಹೋಗುವ ಮೊದಲು ದಾರಿಯಲ್ಲೇ ಎರಡು ಮೊಟ್ಟೆ ತಿಂದುಕೊಂಡೆ. ಸಾಲಿನಲ್ಲಿ ಕೂತು ಚೂರು ರೊಟ್ಟಿ, ಪಲ್ಯ, ಒಂದು ಮಿರ್ಚಿ ತಿಂದೆ. ನಿಧಾನಕ್ಕೆ, ಬಾಲದಿಂದ ತೊಟ್ಟಿನವರೆಗೆ. ಬಡಿಸುವ ಹುಡುಗ ಮತ್ತೆ ಬಂದ. ತಟ್ಟೆಗೆ ಅಡ್ಡ ಕೈ ಹಿಡಿದೆ. "ಪ್ರಸಾದರೀ ಅಕ್ಕಾರ" ಅಂದವನೇ ಬೆರಳ ಸಂದಿಯಿಂದಲೇ ಇನ್ನೊಂದು ಹಾಕಿ ಹೋದ. ಮುಟ್ಟದೆ ತಟ್ಟೆ ವಾಲಿಸಿದೆ. ಅದು ಪಕ್ಕದಲ್ಲಿ ಕೂತಿದ್ದ ಶಾಲೆ ಹುಡುಗನ ತಟ್ಟೆಗೆ ಉರುಳಿತು. ಅವನು ನನ್ನ ಮುಖ ನೋಡಿದ, ಮಿರ್ಚಿ ನೋಡಿದ, ಆಮೇಲೆ ಏನೂ ಕೇಳಲಿಲ್ಲ.